ಟೈಗ್ರೆಸ್ ಎಲ್ಲಿ ಹೋದಳು? ಕುಂಗ್ ಫೂ ಪಾಂಡಾ ಮಾಡಿದವರಿಗೆ ಒಂದು ಬಹಿರಂಗ ಪತ್ರ

ಡ್ರೀಮ್‌ವರ್ಕ್ಸ್ ಆನಿಮೇಷನ್‌ನವರಿಗೆ,

ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನವಳು. ಬೇಸಿಗೆ ರಜೆಯಲ್ಲಿ ಊರಿನ ಮಕ್ಕಳನ್ನು ಸೇರಿಸಿ ನಾಟಕದ ಶಿಬಿರ ಮಾಡುತ್ತೇನೆ. ಉಳಿದ ದಿನ ಮನೆ, ಅಡಿಕೆ ತೋಟ, ಇಬ್ಬರು ಮಕ್ಕಳು. ನಿಮ್ಮ ಪಾಂಡಾ ಪೋ ನಮ್ಮನೆಯಲ್ಲಿ ಒಬ್ಬನಾಗಿ ಬಹಳ ವರ್ಷ ಆಯಿತು, ಆ ಸಲಿಗೆಯಿಂದಲೇ ಬರೆಯುತ್ತಿದ್ದೇನೆ. 2024ರಲ್ಲಿ ಬಂದ ನಾಲ್ಕನೇ ಭಾಗ ಮೊದಲಿನವುಗಳ ಹತ್ತಿರಕ್ಕೂ ಬರಲಿಲ್ಲ. ಇದನ್ನು ನಿಮಗೆ ಹೇಳಲೇಬೇಕು ಅನಿಸಿತು. ಕನ್ನಡದಲ್ಲಿ ಬರೆದರೆ ಅವರಿಗೆ ತಲುಪುತ್ತಾ ಅಂತ ಮನೆಯಲ್ಲಿ ಕೇಳಿದರು. ತಲುಪಿಸುವವರು ಯಾರಾದರೂ ಸಿಗುತ್ತಾರೆ. ಅಷ್ಟರಲ್ಲಿ ಇಲ್ಲಿನ ಅಪ್ಪ ಅಮ್ಮಂದಿರೂ ಓದಲಿ, ಅವರಿಗೂ ಹೇಳುವ ಮಾತು ಇದರಲ್ಲಿದೆ.

ಕೆಟ್ಟ ಸಿನಿಮಾ ಅಂತ ನಾನು ಹೇಳುತ್ತಿಲ್ಲ. ಬಣ್ಣ ಚೆನ್ನಾಗಿದೆ, ಹೊಡೆದಾಟ ಚೆನ್ನಾಗಿದೆ, ಮಕ್ಕಳು ನಕ್ಕರು. ಬೇರೆ ಯಾರಾದರೂ ಮಾಡಿದ್ದರೆ ಪರವಾಗಿಲ್ಲ ಅಂತ ಎದ್ದು ಬರುತ್ತಿದ್ದೆವು. ಆದರೆ ಮೊದಲಿನ ಮೂರನ್ನೂ ಮಾಡಿದವರು ನೀವೇ ಅಲ್ವಾ? ಅಷ್ಟು ಮಾಡಬಲ್ಲವರು ಇಷ್ಟಕ್ಕೇ ಸಾಕು ಅಂದುಕೊಂಡರಲ್ಲ, ಅದೇ ಬೇಜಾರು.

2008ರ ಮೊದಲ ಸಿನಿಮಾ ನೆನಪಿಸಿಕೊಳ್ಳಿ. ನೂಡಲ್ಸ್ ಅಂಗಡಿಯ ಮಗ, ದೊಡ್ಡ ಹೊಟ್ಟೆ, ಮೆಟ್ಟಿಲು ಹತ್ತಿದರೆ ಏದುಸಿರು. ಊರು ಕಾಯಬೇಕಾದ ವೀರ, ಡ್ರ್ಯಾಗನ್ ವಾರಿಯರ್, ಇವನೇ ಅಂತ ಮುದಿ ಆಮೆ ಊಗ್ವೇ ಅವನ ಕಡೆ ಬೆರಳು ತೋರಿಸಿದಾಗ ಊರಿನವರಿಗೆ ನಂಬಿಕೆ ಇಲ್ಲ, ಗುರು ಶಿಫುಗೆ ಇಲ್ಲ, ಪೋಗಂತೂ ಮೊದಲೇ ಇಲ್ಲ. ಶಿಫು ಅವನನ್ನು ಹೇಗಾದರೂ ಓಡಿಸಬೇಕು ಅಂತ ನೋಡುತ್ತಾನೆ. ಆಮೇಲೆ ಒಂದು ದಿನ ಈ ಹುಡುಗನಿಗೆ ಹಸಿವೇ ಶಕ್ತಿ ಅಂತ ಗೊತ್ತಾಗುತ್ತೆ, ಆ ಹಸಿವನ್ನೇ ಪಾಠ ಮಾಡುತ್ತಾನೆ. ಒಂದೇ ಒಂದು ಕಡುಬಿಗೋಸ್ಕರ ಗುರು ಶಿಷ್ಯ ಇಬ್ಬರೂ ಕಡ್ಡಿ ಹಿಡಿದು ಹೊಡೆದಾಡುತ್ತಾರಲ್ಲ, ಕೊನೆಗೆ ಕಡುಬು ಕೈಗೆ ಸಿಕ್ಕಿದ ಮೇಲೆ ಪೋ ನನಗೆ ಹಸಿವಿಲ್ಲ ಅಂತ ಅದನ್ನು ಗುರುವಿನ ಕಡೆಗೇ ಎಸೆಯುತ್ತಾನಲ್ಲ, ಆ ಕೆಲವು ನಿಮಿಷದಲ್ಲಿ ಒಬ್ಬ ಹುಡುಗ ದೊಡ್ಡವನಾಗುವುದನ್ನು ನೀವು ತೋರಿಸಿಬಿಟ್ಟಿರಿ. ಯಾರೂ ಭಾಷಣ ಮಾಡಲಿಲ್ಲ. ನಮ್ಮ ಶಿಬಿರದಲ್ಲಿ ಆ ದೃಶ್ಯವನ್ನು ಮಕ್ಕಳು ಬಾಳೆಎಲೆ, ಕೊಟ್ಟೆ ಕಡುಬು ಇಟ್ಟುಕೊಂಡು ಆಡಿದ್ದಾರೆ, ಮಾತು ಒಂದೂ ಬೇಕಾಗಲಿಲ್ಲ.

ಆಮೇಲೆ ಡ್ರ್ಯಾಗನ್ ವಾರಿಯರ್‌ಗೆ ಅಂತ ಇಟ್ಟಿದ್ದ ಗುಟ್ಟಿನ ಓಲೆ, ಆ ಸುರುಳಿ. ಎಲ್ಲರೂ ಅದಕ್ಕಾಗಿ ಸಾಯುತ್ತಾರೆ, ಬಿಚ್ಚಿದರೆ ಒಳಗೆ ಅಕ್ಷರವೇ ಇಲ್ಲ, ನೋಡಿದವನ ಮುಖ ಕಾಣುತ್ತೆ ಅಷ್ಟೇ. ಅದರ ಅರ್ಥ ಪೋಗೆ ಹೊಳೆಯುವುದು ಸೂಪ್ ಮಾಡುವ ಅಪ್ಪನ ಮಾತಿನಿಂದ. ಎಷ್ಟು ಚೆಂದ!

2011ರ ಎರಡನೇ ಭಾಗ ನನಗೆ ಎಲ್ಲಕ್ಕಿಂತ ಇಷ್ಟ. ಅದನ್ನು ಮಾಡುವ ಮುಂಚೆ ನಿಮ್ಮ ತಂಡದವರು ಚೀನಾದ ಚೆಂಗ್ಡುಗೆ ಹೋಗಿ ಪಾಂಡಾಗಳನ್ನೂ ಅಲ್ಲಿನ ಬೆಟ್ಟಗಳನ್ನೂ ನೋಡಿ ಬಂದಿದ್ದರಂತೆ, ಅದು ಪರದೆ ಮೇಲೆ ಗೊತ್ತಾಗುತ್ತೆ. ಮಂಜು, ಒದ್ದೆ ಕಲ್ಲು, ಬೆಟ್ಟದ ಹಿಂದೆ ಬೆಟ್ಟ. ಕೊಡಚಾದ್ರಿ ನೋಡಿ ಬೆಳೆದ ಮಕ್ಕಳಿಗೆ ಅದು ಸುಳ್ಳು ಮಂಜಾ ನಿಜದ ಮಂಜಾ ಅಂತ ತಕ್ಷಣ ತಿಳಿಯುತ್ತೆ. ಜೆನಿಫರ್ ಯೂ ನೆಲ್ಸನ್ ಒಬ್ಬರೇ ನಿರ್ದೇಶನ ಮಾಡಿದ್ದು, ಹಾಲಿವುಡ್‌ನ ದೊಡ್ಡ ಸ್ಟುಡಿಯೋದ ಆನಿಮೇಷನ್ ಸಿನಿಮಾವನ್ನು ಒಬ್ಬ ಹೆಂಗಸು ಒಬ್ಬರೇ ನಿರ್ದೇಶಿಸಿದ್ದು ಅದೇ ಮೊದಲು. ಅದರಲ್ಲಿ ಪೋಗೆ ತನ್ನ ತಾಯಿ ನೆನಪಾಗುತ್ತಾಳೆ. ತೋಳಗಳು ಬೆನ್ನಟ್ಟಿದಾಗ ಮರಿಯನ್ನು ಮೂಲಂಗಿ ಡಬ್ಬದಲ್ಲಿ ಬಚ್ಚಿಟ್ಟು ತಾನು ಬೇರೆ ದಿಕ್ಕಿಗೆ ಓಡಿದವಳು. ಮಕ್ಕಳ ಸಿನಿಮಾದಲ್ಲಿ ಇಷ್ಟು ಭಾರದ್ದನ್ನು ಇಡಬಹುದಾ ಅಂತ ನೀವು ಹೆದರಲಿಲ್ಲ. ಮಕ್ಕಳೂ ಹೆದರಲಿಲ್ಲ. ಸುಮ್ಮನೆ ಅಮ್ಮಂದಿರ ಹತ್ತಿರ ಸರಿದು ಕೂತು ನೋಡಿದರು.

2016ರ ಮೂರನೆಯದು ಸ್ವಲ್ಪ ಸಡಿಲ ಇತ್ತು. ಆದರೂ ಹೆತ್ತ ಅಪ್ಪ ಬಂದಾಗ ಸಾಕಿದ ಅಪ್ಪನಿಗೆ ಆಗುವ ಸಂಕಟ ಇತ್ತಲ್ಲ, ಅದೊಂದೇ ಸಾಕಿತ್ತು ಇಡೀ ಸಿನಿಮಾ ಹೊರುವುದಕ್ಕೆ.

ಈಗ ನಾಲ್ಕನೆಯದಕ್ಕೆ ಬರುತ್ತೇನೆ. ನನ್ನ ಮೊದಲ ತಕರಾರು, ದೊಡ್ಡ ತಕರಾರು: ಶಿಫುವಿನ ಆ ಐದು ಜನ ಹಳೇ ಶಿಷ್ಯರು ಎಲ್ಲಿ? ಹುಲಿ ಟೈಗ್ರೆಸ್, ಕೋತಿ ಮಂಕಿ, ಕೊಕ್ಕರೆ ಕ್ರೇನ್, ಹಾವು ವೈಪರ್, ಪುಟ್ಟ ಕೀಟ ಮ್ಯಾಂಟಿಸ್. ಶುರುವಿನಲ್ಲೇ ಅವರೆಲ್ಲ ಬೇರೆ ಬೇರೆ ಕೆಲಸಕ್ಕೆ ಹೋಗಿದ್ದಾರೆ ಅಂತ ಒಂದು ಮಾತಿನಲ್ಲಿ ಮುಗಿಸಿದಿರಿ. ಕೊನೆಗೆ ಹೆಸರುಗಳು ಮೇಲೆ ಹೋಗುವಾಗ ಒಮ್ಮೆ ಕಾಣಿಸುತ್ತಾರೆ, ಬಾಯಿ ಬಿಟ್ಟು ಒಂದು ಮಾತಿಲ್ಲ. ಮೂರು ಸಿನಿಮಾ ಜೊತೆಗೆ ಹೊಡೆದಾಡಿದವರು ಅವರು. ಎರಡನೇ ಭಾಗದಲ್ಲಿ ಪೋ ಮೇಲೆ ಬೀಳಬೇಕಿದ್ದ ಫಿರಂಗಿ ಗುಂಡಿನ ಎದುರು ಅವನನ್ನು ತಳ್ಳಿ ತಾನು ನಿಂತವಳು ಟೈಗ್ರೆಸ್. ಅದಕ್ಕೂ ಮುಂಚೆ, ಯಾರನ್ನೂ ಮುಟ್ಟಿ ಮಾತಾಡಿಸದ ಆ ಗಟ್ಟಿ ಹೆಣ್ಣು ಪೋನನ್ನು ಅಪ್ಪಿಕೊಂಡಾಗ ಉಳಿದವರೆಲ್ಲ ಬೆಕ್ಕಸಬೆರಗಾಗಿ ನೋಡುತ್ತಾರೆ. ಆ ಗೆಳೆತನ ಎಲ್ಲಿ ಹೋಯಿತು? ಊರಿಗೆ ಹೊಸ ಅಪಾಯ ಬಂದಿದೆ, ಪೋ ಹೊಸದಾಗಿ ಸಿಕ್ಕ ಒಂದು ನರಿಯ ಜೊತೆ ಹೊರಡುತ್ತಾನೆ, ಗೆಳೆಯರಿಗೆ ಒಂದು ಸುದ್ದಿ ಕಳಿಸೋಣ ಅಂತಲೂ ಅವನಿಗೆ ಅನಿಸುವುದಿಲ್ಲ. ನಮ್ಮ ಪೋ ಹಾಗೆ ಮಾಡುವವನೇ ಅಲ್ಲ.

ಇದು ಬರೀ ಹಳೇ ಮುಖ ನೋಡುವ ಆಸೆಯಿಂದ ಹೇಳುತ್ತಿರುವುದಲ್ಲ. ನಾಟಕ ಆಡಿಸುವವಳಾಗಿ ನನಗೆ ಇದರ ಬೆಲೆ ಗೊತ್ತು. ಮೊದಲ ಭಾಗದ ಕಥೆ ಆಡೋಣ ಅಂದರೆ ಶಿಬಿರದ ಪ್ರತಿ ಮಗುವಿಗೂ ಒಂದೊಂದು ಪಾತ್ರ ಇದೆ. ಕುಳ್ಳಗಿರುವವನು ನಾನು ಮ್ಯಾಂಟಿಸ್ ಅಂತ ಎದೆ ಉಬ್ಬಿಸಿಕೊಂಡು ಬರುತ್ತಾನೆ. ಉದ್ದ ಕಾಲಿನ, ಸಂಕೋಚದ ಹುಡುಗ ಕ್ರೇನ್ ಆಗುತ್ತಾನೆ. ಒಂದು ಪುಟ್ಟ ಹುಡುಗಿ ಇಡೀ ಮಧ್ಯಾಹ್ನ ಶಾಲು ಸುತ್ತಿಕೊಂಡು ವೈಪರ್ ಆಗಿ ನೆಲದ ಮೇಲೆ ಹರಿದಾಡಿದ್ದಾಳೆ. ನಾಲ್ಕನೇ ಭಾಗ ಬಂದ ಬೇಸಿಗೆಯಲ್ಲೂ ಮಕ್ಕಳು ಪಾಂಡಾ ಆಟ ಆಡಿದರು, ಆದರೆ ಆಡಿದ್ದು ಹಳೇ ಕಥೆಯನ್ನೇ. ಹೊಸ ಕಥೆಯಲ್ಲಿ ಪೋ ಮತ್ತು ಆ ನರಿ ಬಿಟ್ಟರೆ ಉಳಿದವರಿಗೆ ಮಾಡುವುದಕ್ಕೆ ಏನಿದೆ ಹೇಳಿ.

ನರಿ ಝೆನ್ ಬಗ್ಗೆ ನನಗೆ ಸಿಟ್ಟಿಲ್ಲ. ಬೀದಿಯಲ್ಲಿ ಬೆಳೆದ ಕಳ್ಳಿ, ಯಾರನ್ನೂ ನಂಬದವಳು, ಒಳ್ಳೆಯ ಪಾತ್ರವೇ. ಆದರೆ ಅವಳ ಕಥೆಯನ್ನು ನೀವು ಅವಸರದಲ್ಲಿ ಓಡಿಸಿಬಿಟ್ಟಿರಿ. ಕಳ್ಳತನ ಮಾಡಿದಳು, ದಾರಿ ತೋರಿಸಿದಳು, ಮೋಸ ಮಾಡಿದಳು, ಮನಸ್ಸು ಬದಲಾಯಿಸಿದಳು, ಮುಂದಿನ ಡ್ರ್ಯಾಗನ್ ವಾರಿಯರ್ ಆದಳು. ಎಲ್ಲ ಒಂದೇ ಸಿನಿಮಾದಲ್ಲಿ, ಅದೂ ಅರ್ಧ ಹೊತ್ತು ಓಟದಲ್ಲೇ. ಮೊದಲ ಭಾಗವೂ ಹೆಚ್ಚುಕಮ್ಮಿ ಒಂದೂವರೆ ಗಂಟೆಯದೇ, ಅಷ್ಟರಲ್ಲೇ ಪೋ ಬಿದ್ದು, ಎದ್ದು, ಅಳುವಷ್ಟು ನೊಂದು, ಕಲಿತು, ಕೊನೆಗೆ ಆ ಹೆಸರಿಗೆ ತಕ್ಕವನಾದ. ಹಾಗಾಗಿ ಸಮಯ ಸಾಲಲಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಥಿಯೇಟರಿನಿಂದ ಹೊರಗೆ ಬರುತ್ತಾ ನನ್ನ ಮಗಳು ಕೇಳಿದಳು, ‘ಅಮ್ಮಾ, ಟೈಗ್ರೆಸ್‌ಗೆ ಯಾಕೆ ಕೊಡಲಿಲ್ಲ?’ ಅವಳು ಕೇಳಿದ್ದು ನ್ಯಾಯ ಅಲ್ವಾ? ಮೊದಲ ಭಾಗದಲ್ಲಿ ಆ ಪಟ್ಟ ತನಗೇ ಅಂತ ಟೈಗ್ರೆಸ್ ನಂಬಿಕೊಂಡಿದ್ದಳು. ಚಿಕ್ಕಂದಿನಿಂದ ಅದಕ್ಕಾಗಿಯೇ ಮೈ ಮುರಿದು ದುಡಿದವಳು. ಕೊನೇ ಗಳಿಗೆಯಲ್ಲಿ ಮೇಲಿಂದ ಬಿದ್ದ ಪಾಂಡಾಗೆ ಅದು ಹೋಯಿತು. ನುಂಗಿಕೊಂಡಳು, ಅವನಿಗೆ ತಲೆಬಾಗಿದಳು, ಆಮೇಲೆ ಅವನ ಜೊತೆ ಹೆಗಲು ಕೊಟ್ಟಳು. ಈಗ ಎರಡನೇ ಸಲ ಆ ಪಟ್ಟ ಬೇರೆಯವರಿಗೆ ಹೋಗುತ್ತಿದೆ, ಅವಳನ್ನು ಕೇಳುವುದಿರಲಿ, ಅವಳು ಆ ಜಾಗದಲ್ಲೇ ಇಲ್ಲ. ಝೆನ್‌ಗೇ ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಟೈಗ್ರೆಸ್ ಎದುರಿಗೆ ನಿಂತು ಪೋ ಅದನ್ನು ಹೇಳಬೇಕಿತ್ತು. ಆ ಒಂದು ದೃಶ್ಯ ಬರೆದಿದ್ದರೆ ಇಡೀ ಸಿನಿಮಾ ಬೇರೆಯೇ ಆಗುತ್ತಿತ್ತು ಅಂತ ನನಗೆ ಬಲವಾಗಿ ಅನಿಸುತ್ತೆ.

ಇನ್ನು ಖಳನ ವಿಷಯ. ನಮ್ಮ ಕಡೆ ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ರಾಕ್ಷಸ ರಂಗಕ್ಕೆ ಬರುವುದಕ್ಕೇ ಒಂದು ಗತ್ತಿದೆ. ತೆರೆ ಹಿಡಿಯುತ್ತಾರೆ, ಚೆಂಡೆ ಏರುತ್ತೆ, ಕಿರೀಟ ಕಾಣುತ್ತೆ, ಮುಖ ಕಾಣುವುದಿಲ್ಲ, ಮುಂದೆ ಕೂತ ಮಕ್ಕಳು ಆಗಲೇ ಅಜ್ಜಿಯ ಸೆರಗು ಹಿಡಿದಿರುತ್ತಾರೆ. ಬಂದ ಮೇಲೆ ಸುಮ್ನೆ ಗದೆ ಬೀಸಿ ಹೋಗುವುದಿಲ್ಲ. ಭಾಗವತರು ಅವನಿಗೂ ಪದ್ಯ ಹಾಡುತ್ತಾರೆ, ಅವನೂ ಅರ್ಥ ಹೇಳುತ್ತಾನೆ. ನನಗೆ ಏನು ಅನ್ಯಾಯ ಆಯಿತು, ನಾನು ಯಾಕೆ ಹೀಗಾದೆ ಅಂತ ಒಳ್ಳೆಯ ಕಲಾವಿದರು ಮಾತಾಡಿದರೆ ಅರ್ಧ ರಾತ್ರಿಯಲ್ಲಿ ರಾವಣನ ಕಡೆಗೇ ಮನಸ್ಸು ವಾಲಿಬಿಡುತ್ತೆ. ಅವನು ಸೋಲುತ್ತಾನೆ ಅಂತ ಎಲ್ಲರಿಗೂ ಗೊತ್ತು, ಆದರೂ ಸೋತಾಗ ಹೊಟ್ಟೆಯಲ್ಲಿ ಏನೋ ಆಗುತ್ತೆ. ಮೊದಲ ಎರಡು ಭಾಗದಲ್ಲಿ ನೀವು ಮಾಡಿದ್ದು ಅದನ್ನೇ.

ಮೊದಲ ಭಾಗದ ಖಳ, ಹಿಮಚಿರತೆ ತಾಯ್ ಲುಂಗ್‌ನನ್ನು ಶಿಫುವೇ ಮಗನ ಹಾಗೆ ಸಾಕಿದ್ದ. ನನ್ನ ತಲೆಯಲ್ಲಿ ಡ್ರ್ಯಾಗನ್ ವಾರಿಯರ್ ಆಗುವ ಕನಸು ತುಂಬಿದ್ದು ಯಾರು ಅಂತ ಅವನು ಕೇಳುವಾಗ ಶಿಫು ಹತ್ತಿರ ಸರಿಯಾದ ಉತ್ತರವೇ ಇಲ್ಲ, ಕೊನೆಗೆ ಆ ಮುದುಕ ಕ್ಷಮೆ ಕೇಳುತ್ತಾನೆ. ಎರಡನೆಯದರ ನವಿಲು ಶೆನ್ ಒಂದು ಭವಿಷ್ಯವಾಣಿಗೆ ಹೆದರಿ ಪಾಂಡಾಗಳನ್ನೆಲ್ಲ ಕೊಲ್ಲಿಸಲು ಹೊರಟವನು. ಹಬ್ಬದ ಪಟಾಕಿಯ ಮದ್ದನ್ನು ಫಿರಂಗಿಗೆ ತುಂಬಿದವನು. ಅವನು ಮಾಡಿದ ಗಾಯ ಪೋ ಮನಸ್ಸಿನೊಳಗೇ ಇದೆ. ಹಾಗಾಗಿ ಅವರಿಬ್ಬರ ಜಗಳ ಬರೀ ಕೈಕಾಲಿನ ಜಗಳ ಆಗಿ ಉಳಿಯಲಿಲ್ಲ.

ನಾಲ್ಕನೇ ಭಾಗದ ಗೋಸುಂಬೆಗೆ ಏನಿತ್ತು? ಯಾರ ರೂಪ ಬೇಕಾದರೂ ತಾಳುತ್ತಾಳೆ, ಸತ್ತುಹೋದ ಗುರುಗಳ ವಿದ್ಯೆಯನ್ನೆಲ್ಲ ಕದಿಯುತ್ತಾಳೆ. ಎಂಥ ಒಳ್ಳೆಯ ಯೋಚನೆ! ಹಾಲಿವುಡ್ ನಟಿ ವಯೋಲಾ ಡೇವಿಸ್ ಅವರಂಥವರ ಧ್ವನಿ ಬೇರೆ. ಚಿಕ್ಕವಳು ಅಂತ ನನಗೆ ಯಾರೂ ಕುಂಗ್ ಫೂ ಕಲಿಸಲಿಲ್ಲ ಅಂತ ಅವಳು ಹೇಳುತ್ತಾಳೆ. ನಾನು ಕುರ್ಚಿಯಲ್ಲಿ ಮುಂದೆ ಸರಿದು ಕೂತೆ, ಈಗ ಶುರುವಾಗುತ್ತೆ ಅಂತ. ದಪ್ಪಗಿದ್ದಾನೆ ಅಂತ ಎಲ್ಲರೂ ನಕ್ಕ ಪೋಗೆ ಒಬ್ಬ ಊಗ್ವೇ ಸಿಕ್ಕಿದ, ಇವಳಿಗೆ ಯಾರೂ ಸಿಗಲಿಲ್ಲ. ಇಬ್ಬರದೂ ಒಂದೇ ನೋವು. ಇದಕ್ಕಿಂತ ಒಳ್ಳೆಯ ಎದುರಾಳಿ ಪೋಗೆ ಸಿಗುತ್ತಾ? ಆದರೆ ಆ ಮಾತು ಬಂತು, ಹೋಯಿತು, ಆಮೇಲೆ ಅದರ ಸುದ್ದಿಯೇ ಇಲ್ಲ. ಪೋ ಅವಳ ಜೊತೆ ಅದರ ಬಗ್ಗೆ ಎರಡು ಮಾತು ಆಡುವುದಿಲ್ಲ. ಹೊಡೆದಾಟ ಆಗುತ್ತೆ, ಗೆಲ್ಲುತ್ತಾನೆ. ತಾಯ್ ಲುಂಗ್‌ನನ್ನೂ ವಾಪಸ್ ಕರೆಸಿದಿರಿ, ಥಿಯೇಟರಿನಲ್ಲಿ ದೊಡ್ಡ ಮಕ್ಕಳು ಕೂಗಿದರು, ಅವನೂ ಬಂದ ಹಾಗೆ ಹೋದ. ಅವನು ಶಿಫು ಕಣ್ಣಲ್ಲಿ ಕಣ್ಣಿಟ್ಟು ಒಮ್ಮೆ ನಿಲ್ಲುವಷ್ಟು ಹೊತ್ತು ಕೊಡಬಾರದಿತ್ತಾ?

ಚೆನ್ನಾಗಿದ್ದನ್ನೂ ಹೇಳಬೇಕು. ಪೋನ ಇಬ್ಬರು ಅಪ್ಪಂದಿರು ಮಗನ ಚಿಂತೆಯಿಂದ ಹಿಂದೆಯೇ ಹೊರಡುತ್ತಾರಲ್ಲ, ಅದು ಹಳೇ ಸಿನಿಮಾಗಳ ಮಟ್ಟದ್ದು. ಒಬ್ಬ ಹೆಬ್ಬಾತು, ಒಬ್ಬ ಪಾಂಡಾ, ಮೊದಲು ಒಬ್ಬರನ್ನೊಬ್ಬರು ಕಂಡರೆ ಆಗದವರು, ಈಗ ಮಗನಿಗಾಗಿ ಒಂದೇ ದಾರಿಯಲ್ಲಿ ನಡೆಯುತ್ತಿದ್ದಾರೆ. ಬಂಡೆಯ ಅಂಚಿನಲ್ಲಿ ಆ ಕಡೆ ಈ ಕಡೆ ವಾಲುವ ಹೋಟೆಲ್ ದೃಶ್ಯಕ್ಕೆ ನಮ್ಮ ಸಾಲಿನಲ್ಲಿದ್ದ ಅಜ್ಜ ಒಬ್ಬರು ಜೋರಾಗಿ ನಕ್ಕರು. ಅಂದರೆ ನಿಮ್ಮ ಕೈಗೆ ಇನ್ನೂ ಬರುತ್ತೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ದುಡ್ಡಿನ ಕಾರಣ ಹೇಳುವವರಿದ್ದಾರೆ. ಮೊದಲ ಭಾಗಕ್ಕೆ ಸುಮಾರು 13 ಕೋಟಿ ಡಾಲರ್ ಖರ್ಚಾಗಿತ್ತು, ಎರಡನೆಯದಕ್ಕೆ 15 ಕೋಟಿ, ಮೂರನೆಯದಕ್ಕೆ ಹದಿನಾಲ್ಕೂವರೆ. ನಾಲ್ಕನೆಯದಕ್ಕೆ ಬರೀ ಎಂಟೂವರೆ ಕೋಟಿ. ಕಡಿಮೆ ಮಾಡಿದ್ದಾರೆ, ಅದಕ್ಕೇ ಹೀಗಾಯಿತು ಅನ್ನುತ್ತಾರೆ. ಆದರೆ ಅದೇ 2024ರಲ್ಲಿ ನೀವೇ ‘ದಿ ವೈಲ್ಡ್ ರೋಬೋಟ್’ ಮಾಡಿದಿರಿ. ಅದಕ್ಕೆ ಇದಕ್ಕಿಂತಲೂ ಕಡಿಮೆ, 8 ಕೋಟಿಯೊಳಗೇ ಖರ್ಚು. ಮೂರು ಆಸ್ಕರ್‌ಗೆ ಹೆಸರು ಹೋಯಿತು. ಅದರಲ್ಲಿ ಒಂದು ಯಂತ್ರ ಒಂದು ಹೆಬ್ಬಾತಿನ ಮರಿಯನ್ನು ಸಾಕುತ್ತೆ, ಅದು ಹಾರಿ ಹೋಗುವ ದಿನ ಬರುತ್ತೆ. ಮಗಳನ್ನು ಹಾಸ್ಟೆಲ್‌ಗೆ ಬಿಟ್ಟು ಬಂದ ಅಮ್ಮಂದಿರು ಮಲೆನಾಡಿನಲ್ಲಿ ಮನೆಮನೆಗೂ ಇದ್ದಾರೆ, ಅವರನ್ನು ಕೇಳಿ ಆ ಸಿನಿಮಾ ಏನು ಅಂತ. 2022ರಲ್ಲಿ ಬಂದ ಪುಸ್ ಇನ್ ಬೂಟ್ಸ್‌ನ ಎರಡನೇ ಭಾಗವೂ ನಿಮ್ಮದೇ. ಮೊದಲನೆಯದು ಬಂದು 11 ವರ್ಷ ಆದಮೇಲೆ ಬಂತು, ಮೊದಲನೆಯದಕ್ಕಿಂತ ಚೆನ್ನಾಗಿತ್ತು. ಶಿಳ್ಳೆ ಹೊಡೆಯುತ್ತಾ ಬರುವ ಆ ತೋಳ, ಅದಕ್ಕಿಂತ ಭಯ ಹುಟ್ಟಿಸುವ ಖಳನನ್ನು ಮಕ್ಕಳ ಸಿನಿಮಾದಲ್ಲಿ ನಾನು ನೋಡಿಲ್ಲ. ಹಾಗಾದರೆ ನಿಮಗೆ ಮುಂದಿನ ಭಾಗ ಮಾಡುವುದು ಗೊತ್ತಿದೆ, ಕಡಿಮೆ ದುಡ್ಡಿನಲ್ಲಿ ಮಾಡುವುದೂ ಗೊತ್ತಿದೆ. ಪೋ ಕಥೆಗೆ ಮಾತ್ರ ಯಾಕೆ ಅಷ್ಟು ಮನಸ್ಸು ಕೊಡಲಿಲ್ಲ?

ನನಗಿರುವ ಭಯ ಬೇರೆ. ನಾಲ್ಕನೇ ಭಾಗ ಜಗತ್ತಿನಾದ್ಯಂತ 54 ಕೋಟಿ ಡಾಲರ್‌ಗೂ ಜಾಸ್ತಿ ಗಳಿಸಿತು, ಮೂರನೆಯದಕ್ಕಿಂತ ಸ್ವಲ್ಪ ಹೆಚ್ಚೇ. ಕಡಿಮೆ ಖರ್ಚು, ಹೆಚ್ಚು ಗಳಿಕೆ. ಲೆಕ್ಕ ನೋಡುವವರಿಗೆ ಇದು ಗೆದ್ದ ಸಿನಿಮಾ. ಆದರೆ ಆ ದುಡ್ಡು ಬಂದಿದ್ದು ಹಳೇ ಮೂರು ಸಿನಿಮಾಗಳ ಮೇಲಿನ ಪ್ರೀತಿಯಿಂದ. ನಾವು ಟಿಕೆಟ್ ತಗೊಂಡಿದ್ದು ಒಳಗೆ ಏನಿದೆ ಅಂತ ನೋಡುವ ಮುಂಚೆ. ದಯವಿಟ್ಟು ಅದನ್ನು ಜನರ ಒಪ್ಪಿಗೆ ಅಂತ ಓದಬೇಡಿ.

ನಮ್ಮಂಥವರಿಗೆ ಒಂದು ಸಿನಿಮಾ ಅಂದರೆ ಏನು ಅಂತಲೂ ನಿಮಗೆ ಗೊತ್ತಿರಲಿ. ಸಾಗರದಿಂದ ಶಿವಮೊಗ್ಗ 70 ಕಿಲೋಮೀಟರ್ ಆಸುಪಾಸು. ನಮ್ಮ ಹಳ್ಳಿಯಿಂದ ಸಾಗರಕ್ಕೆ ಬರುವುದು ಬೇರೆ. ಮಾರ್ಚ್‌ನಲ್ಲಿ ಪರೀಕ್ಷೆಯ ಗಡಿಬಿಡಿ ಕಳೆದ ಮೇಲೆ, ಬಸ್ಸು ಹಿಡಿದು, ಮಕ್ಕಳ ಜೊತೆ ಅಕ್ಕನ ಮಕ್ಕಳನ್ನೂ ಕರೆದುಕೊಂಡು, ಟಿಕೆಟ್ಟು, ಊಟ, ವಾಪಸ್ ಬರುವಾಗ ಕತ್ತಲೆ. ವರ್ಷದಲ್ಲಿ ಹೀಗೆ ಹೊರಡುವುದು ಅಪರೂಪ. ಅಷ್ಟು ಮಾಡಿ ಹೋದ ಮಕ್ಕಳು ದಾರಿಯುದ್ದಕ್ಕೂ ಅದೇ ಮಾತಾಡುತ್ತಾ ಬರಬೇಕು. ಎರಡನೇ ಭಾಗವನ್ನು ಟಿವಿಯಲ್ಲಿ ನೋಡಿದ ದಿನವೇ ವಾರಗಟ್ಟಲೆ ಮಾತಾಡಿದವರು, ಈ ಸಲ ಆನಂದಪುರ ಬರುವಷ್ಟರಲ್ಲಿ ಬೇರೆ ವಿಷಯಕ್ಕೆ ಹೋಗಿದ್ದರು.

ಇಲ್ಲಿನ ಅಪ್ಪ ಅಮ್ಮಂದಿರಿಗೆ ಹೇಳಬೇಕಾದದ್ದು ಇದೇ ಜಾಗದಲ್ಲಿ ಹೇಳಿಬಿಡುತ್ತೇನೆ. ‘ಮಕ್ಕಳ ಸಿನಿಮಾ ತಾನೇ, ಅದರಲ್ಲಿ ಏನು ನೋಡ್ತೀಯಾ’ ಅಂತ ಹೇಳುವುದನ್ನು ಬಿಡಿ. ನಮ್ಮ ಪಕ್ಕದ ಹೆಗ್ಗೋಡಿನಲ್ಲಿ ನೀನಾಸಮ್ ನಾಟಕ ಸಂಸ್ಥೆಯವರು ಎಪ್ಪತ್ತರ ದಶಕದಲ್ಲೇ ಚಿತ್ರಸಮಾಜ ಕಟ್ಟಿ, ಜಗತ್ತಿನ ದೊಡ್ಡ ದೊಡ್ಡ ಸಿನಿಮಾಗಳನ್ನು ತಂದು ತೋಟ ಗದ್ದೆಯಲ್ಲಿ ದುಡಿಯುವವರಿಗೆ ತೋರಿಸಿದರು. ಹಳ್ಳಿಯವರಿಗೆ ಇದು ಅರ್ಥ ಆಗುತ್ತಾ ಅಂತ ಕೇಳುತ್ತಾ ಕೂರಲಿಲ್ಲ. ಆ ಸಂಸ್ಥೆಯನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿದ್ದು ಇಂಥ ಕೆಲಸಕ್ಕೆ. ಆ ನೆಲದ ಮಕ್ಕಳು ನಮ್ಮವು. ಅವಕ್ಕೆ ಒಳ್ಳೆಯದೂ ಗೊತ್ತಾಗುತ್ತೆ, ಅರೆಬೆಂದದ್ದೂ ಗೊತ್ತಾಗುತ್ತೆ. ಸಿನಿಮಾ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿ ನೋಡಿ: ಖಳನಿಗೆ ಏನು ಬೇಕಿತ್ತು, ಯಾಕೆ ಬೇಕಿತ್ತು? ಮೊದಲೆರಡು ಭಾಗಕ್ಕೆ ಮಕ್ಕಳು ಉತ್ತರ ಹೇಳುತ್ತಾರೆ, ಜಗಳವನ್ನೂ ಮಾಡುತ್ತಾರೆ. ನಾಲ್ಕನೆಯದಕ್ಕೆ ಯೋಚನೆ ಮಾಡುತ್ತಾ ನಿಲ್ಲುತ್ತಾರೆ.

ಮತ್ತೆ ನಿಮ್ಮ ಕಡೆಗೆ. ಐದನೆಯದನ್ನು ಮಾಡುವುದಾದರೆ ತಡವಾದರೂ ಸರಿ, ನಿಧಾನವಾಗಿ ಮಾಡಿ, ನಾವು ಕಾಯುತ್ತೇವೆ. ಆ ಐದು ಜನರನ್ನು ಕರೆತನ್ನಿ, ಅದರಲ್ಲೂ ಟೈಗ್ರೆಸ್ ಮತ್ತು ಝೆನ್ ಒಂದೇ ಅಂಗಳದಲ್ಲಿ ನಿಲ್ಲಲಿ, ಅವರ ನಡುವೆ ಏನಾಗುತ್ತೆ ಅಂತ ಧೈರ್ಯವಾಗಿ ಬರೆಯಿರಿ. ಪೋ ಈಗ ಗುರುವಿನ ಜಾಗದಲ್ಲಿ ಕೂರಬೇಕಾದವನು. ತನಗೆ ಶಿಫು ಮಾಡಿದ ಹಾಗೆ ತಾನೂ ಶಿಷ್ಯೆಯನ್ನು ಅರ್ಥ ಮಾಡಿಕೊಳ್ಳದೆ ಒದ್ದಾಡಲಿ. ಊಗ್ವೇ ಹೂವಿನ ಎಸಳುಗಳ ಜೊತೆ ಹೊರಟುಹೋದಾಗ ನೀವು ಸಂಗೀತ ಮೆಲ್ಲಗೆ ಮಾಡಿ ಮಕ್ಕಳನ್ನು ಸುಮ್ಮನೆ ಕೂರಿಸಿದ್ದಿರಿ. ಮಕ್ಕಳು ಸುಮ್ಮನೆ ಕೂರುತ್ತಾರೆ, ನಂಬಿ. ಪ್ರತಿ ನಿಮಿಷಕ್ಕೆ ಒಂದು ತಮಾಷೆ ಬೇಕಾಗಿಲ್ಲ.

ಕೊನೆಗೆ ಒಂದು ಕೋರಿಕೆ. ಮೂರನೇ ಭಾಗಕ್ಕೆ ನೀವು ಚೀನಾದವರಿಗಾಗಿ ಮ್ಯಾಂಡರಿನ್ ಮಾತಿಗೆ ಸರಿಯಾಗಿ ಪಾತ್ರಗಳ ಬಾಯಿ ಅಲುಗಾಟವನ್ನೇ ಬೇರೆ ಮಾಡಿದ್ದಿರಿ. ಅಷ್ಟೆಲ್ಲ ನಾವು ಕೇಳುವುದಿಲ್ಲ. ಕರ್ನಾಟಕದಲ್ಲಿ ಡಬ್ಬಿಂಗ್‌ಗೆ ಬಹಳ ವರ್ಷ ಅಡ್ಡಿ ಇತ್ತು, 2015ರಲ್ಲಿ ಭಾರತದ ಸ್ಪರ್ಧಾ ಆಯೋಗ ಆ ತಡೆ ಸರಿಯಲ್ಲ ಅಂತ ಹೇಳಿತು, ಈಗ ಬೇರೆ ಭಾಷೆಯ ಸಿನಿಮಾಗಳು ಕನ್ನಡದಲ್ಲಿ ಬರುತ್ತಿವೆ. ಪೋ ಕೂಡ ಶಿವಮೊಗ್ಗದ ಪರದೆ ಮೇಲೆ ಕನ್ನಡದಲ್ಲಿ ಮಾತಾಡಲಿ. ನಮ್ಮ ಅತ್ತೆಗೆ ಪೋ ಅಂದರೆ ಪ್ರಾಣ, ಆದರೆ ಪಕ್ಕದಲ್ಲಿ ಮೊಮ್ಮಗಳು ಪಿಸುಗುಟ್ಟಿ ಹೇಳಿದಷ್ಟೇ ಅವರಿಗೆ ಸಿಗುವುದು. ಧ್ವನಿ ಕೊಡುವವರು ಬೇಕಿದ್ದರೆ ಹುಡುಕಿಕೊಂಡು ಬನ್ನಿ, ಈ ಕಡೆ ರಂಗದ ಮೇಲೆ ನಿಂತು ಮಾತಾಡಬಲ್ಲವರು ಬೇಕಾದಷ್ಟು ಜನ ಇದ್ದಾರೆ.

ಇಂತಿ,
ಸಾಗರ ತಾಲ್ಲೂಕಿನ ಒಬ್ಬ ಅಮ್ಮ, ಮಕ್ಕಳ ನಾಟಕ ಶಿಬಿರದ ಅಕ್ಕ